ಹೆಸರು ನೋಡಿ ಮಾತೃಭಾಷೆ ಬರೆಯಬೇಡಿ

ಕಿರಿಕಿರಿ ಮಾಡುವ ಸಂಗತಿಗಳು ಎಲ್ಲರಿಗೂ ಇರುತ್ತವೆ. ತುಂಬಿದ ಬಸ್ಸಿನಲ್ಲಿ ಜೋರಾಗಿ ಸೌಂಡ್ ಇಟ್ಟು ರೀಲ್ಸ್ ನೋಡುವವರು, ನಮ್ಮ ನೋಟ್ಸ್ ತೆಗೆದುಕೊಂಡು ಹೋಗಿ ಪರೀಕ್ಷೆಯ ಹಿಂದಿನ ದಿನದವರೆಗೂ ಕೊಡದವರು, ಆರ್ಟ್ಸ್ ಎಂದ ಕೂಡಲೇ "ಯಾಕೆ, ಮಾರ್ಕ್ ಕಮ್ಮಿ ಬಂತಾ?" ಎಂದು ಕೇಳುವ ನೆಂಟರು. ನನ್ನ ಪಟ್ಟಿಯಲ್ಲಿ ಇನ್ನೂ ಕೆಲವು ಇವೆ. ರಂಜಾನ್ ತಿಂಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಬೇಕಾಗುವ "ನೀರು ಸಹ ಕುಡಿಯಬಾರದಾ?" ಅದರಲ್ಲೊಂದು. "ನಿಮ್ಮ ಮನೆಯಲ್ಲಿ ದಿನಾ ಬಿರಿಯಾನಿಯಾ?" ಇನ್ನೊಂದು. ನಮ್ಮ ಮನೆಯಲ್ಲಿ ದಿನಾ ಇರುವುದು ಕುಚ್ಚಲಕ್ಕಿ ಗಂಜಿ, ಮೀನಿನ ಸಾರು ಎಂದರೆ ಕೇಳಿದವರಿಗೆ ಬೇಸರವಾಗುತ್ತದೆ.

ಇಂಥ ಪ್ರಶ್ನೆಗಳಿಗೆ ನಾನು ನಕ್ಕು ಉತ್ತರ ಕೊಡುತ್ತೇನೆ. ಕೇಳುವವರಿಗೆ ಗೊತ್ತಿಲ್ಲ, ತಿಳಿದುಕೊಳ್ಳಲು ಕೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಎಷ್ಟು ಸಲ ಕೇಳಿದರೂ ಅಭ್ಯಾಸವಾಗದ ಮಾತು ಒಂದಿದೆ. ಅದು ಪ್ರಶ್ನೆಯೂ ಅಲ್ಲ, ಹೊಗಳಿಕೆ: "ನಿನ್ನ ಕನ್ನಡ ಎಷ್ಟು ಚಂದ ಉಂಟು ಮಾರಾಯ್ತಿ! ಮನೆಯಲ್ಲಿ ಉರ್ದು ಅಲ್ವಾ?"

ಹೊಗಳಿದರೆ ಸಿಟ್ಟು ಯಾಕೆ ಎಂದು ನೀವು ಕೇಳಬಹುದು. ನನ್ನ ಬೆಂಚಿನಲ್ಲಿ ಕೂರುವ ಒಬ್ಬಳ ಮನೆಮಾತು ತುಳು, ಇನ್ನೊಬ್ಬಳದು ಕೊಂಕಣಿ. ಇಬ್ಬರೂ ನನ್ನ ಹಾಗೆಯೇ ಕನ್ನಡ ಓದಲು, ಬರೆಯಲು ಶಾಲೆಯಲ್ಲಿ ಕಲಿತವರು. ಅವರ ಕನ್ನಡ ಚಂದ ಉಂಟು ಎಂದು ಯಾರೂ ಬೆರಗಾಗುವುದಿಲ್ಲ. ಅವರಿಗೆ ಕನ್ನಡ ಬರಬೇಕು, ಬರುತ್ತದೆ, ಅಷ್ಟೇ. ನಾನು ಅದೇ ವಾಕ್ಯ ಹೇಳಿದರೆ ಅದು ವಿಶೇಷವಾಗುತ್ತದೆ. ನಮ್ಮ ಮನೆಗೇ ನಾವು ಬಂದಾಗ "ಬನ್ನಿ, ಕೂತುಕೊಳ್ಳಿ" ಎಂದು ಬೇರೆಯವರು ಉಪಚರಿಸಿದ ಹಾಗೆ ಆಗುತ್ತದೆ ನನಗೆ. ಉಪಚಾರದಲ್ಲಿ ಪ್ರೀತಿ ಇದೆ ನಿಜ, ಆದರೆ ನೆಂಟರ ಸಾಲಿನಲ್ಲಿ ನಮ್ಮನ್ನು ಕೂರಿಸಿದ್ದು ಯಾರು?

ಇನ್ನು ಎರಡನೇ ವಾಕ್ಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಉರ್ದು ಇಲ್ಲ. ನಾವು ಬ್ಯಾರಿಗಳು, ನಮ್ಮ ಮಾತು ಬ್ಯಾರಿ. ಮಲಯಾಳಕ್ಕೆ ಹತ್ತಿರವಿರುವ, ತುಳುವಿನ ಜೊತೆ ಬೆಳೆದ ಈ ಭಾಷೆಯನ್ನು ಇಂದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ರಾಜ್ಯ ಸರಕಾರದ ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಿಂದ ಇದೆ. ‘ಬ್ಯಾರಿ’ ಎಂಬ ಹೆಸರಿನ, ಬ್ಯಾರಿ ಭಾಷೆಯದೇ ಆದ ಸಿನಿಮಾ 2011ರ ಅತ್ಯುತ್ತಮ ಚಲನಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಸಿನಿಮಾವೊಂದರ ಜೊತೆ ಹಂಚಿಕೊಂಡಿದೆ. ನನ್ನ ಉಮ್ಮನಿಗೆ ಉರ್ದುವಿನ ನಾಲ್ಕು ಪದವೂ ಬರುವುದಿಲ್ಲ. ಸಂತೆಗೆ ಹೋದರೆ ತುಳುವಿನಲ್ಲಿ ಚೌಕಾಸಿ ಮಾಡುತ್ತಾರೆ, ಬ್ಯಾಂಕಿನಲ್ಲಿ ಕನ್ನಡ ಮಾತಾಡುತ್ತಾರೆ, ನಮ್ಮನ್ನು ಬೈಯುವುದು ಮಾತ್ರ ಬ್ಯಾರಿಯಲ್ಲಿ.

ನಾವೊಬ್ಬರೇ ಹೀಗಲ್ಲ. ಭಟ್ಕಳದ ನವಾಯತರ ಮಾತು ನವಾಯತಿ. ಅದು ಕೊಂಕಣಿಗೆ ಹತ್ತಿರದ್ದು, ಅರಬಿ-ಪಾರಸಿ ಪದಗಳನ್ನು ಬೆರೆಸಿಕೊಂಡದ್ದು. ಕೊಡಗಿನಲ್ಲಿ ಕೊಡವ ತಕ್ಕ್ ಮಾತಾಡುವ ಮುಸ್ಲಿಮರಿದ್ದಾರೆ. ಗಡಿಭಾಗದಲ್ಲಿ ಮಲಯಾಳದ ಮಾಪಿಳ್ಳೆಯರಿದ್ದಾರೆ. ಉತ್ತರ ಕರ್ನಾಟಕದ ನದಾಫ, ಪಿಂಜಾರ ಕುಟುಂಬಗಳಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳ್ಳವರು ಬಹಳ ಮಂದಿ. 2011ರ ಜನಗಣತಿ ನೋಡಿ. ರಾಜ್ಯದ ಜನರಲ್ಲಿ ಮುಸ್ಲಿಮರು ಸುಮಾರು ಶೇ. 12.9, ಉರ್ದು ಮಾತೃಭಾಷೆ ಎಂದವರು ಸುಮಾರು ಶೇ. 10.8. ಎರಡರ ನಡುವಿನ ಅಂತರವೇ 12 ಲಕ್ಷಕ್ಕೂ ಹೆಚ್ಚು ಜನ. ನಾವು ಎಲ್ಲೋ ಒಂದೆರಡು ಮನೆಯವರಲ್ಲ.

ಕನ್ನಡದ ಮಾತಿಗೆ ಬಂದರೆ ಪಟ್ಟಿ ಉದ್ದವಾಗುತ್ತದೆ. ಶಿಶುನಾಳದ ಶರೀಫರು 19ನೇ ಶತಮಾನದಲ್ಲೇ ಕನ್ನಡದಲ್ಲಿ ಹಾಡು ಕಟ್ಟಿದವರು, ಅವರ ಗುರು ಗೋವಿಂದಭಟ್ಟರು. ರಾಜ್ಯೋತ್ಸವಕ್ಕೆ ಪ್ರತಿ ಶಾಲೆಯಲ್ಲೂ ಹಾಡುವ ‘ನಿತ್ಯೋತ್ಸವ’ ಬರೆದ ಕೆ. ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಸಾರಾ ಅಬೂಬಕ್ಕರ್ ಹುಟ್ಟಿದ್ದು ಕಾಸರಗೋಡಿನಲ್ಲಿ, ಮನೆಮಾತು ಮಲಯಾಳ, ಕಾದಂಬರಿ ಬರೆದದ್ದು ಕನ್ನಡದಲ್ಲಿ. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ರಹಮತ್ ತರೀಕೆರೆ ಇವರೆಲ್ಲ ನಮ್ಮ ಲೈಬ್ರರಿಯ ಕನ್ನಡ ಕಪಾಟಿನಲ್ಲೇ ಸಿಗುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು. ಆಗಲೂ "ಓ, ಅವರು ಕನ್ನಡದಲ್ಲಿ ಬರೆಯುವುದಾ?" ಎಂದು ಕೇಳಿದವರನ್ನು ನಾನೇ ನೋಡಿದ್ದೇನೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮವರೆಲ್ಲ ಚಪ್ಪಾಳೆ ತಟ್ಟಿಯಾರು. ಆದರೆ ಅರ್ಧ ಮಾತು ಮಾತ್ರ ಹೇಳಿದ ಹಾಗಾಗುತ್ತದೆ. ಇದೇ ತಪ್ಪು ಕಲ್ಪನೆ ನಮ್ಮೊಳಗೂ ಇದೆ, ಅದು ಹೊರಗಿನದಕ್ಕಿಂತ ಹೆಚ್ಚು ಚುಚ್ಚುತ್ತದೆ. "ಉರ್ದು ಬರುವುದಿಲ್ವಾ? ನೀವೆಂಥ ಮುಸ್ಲಿಮರು?" ಎಂದು ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲೇ ಕೇಳಿದ್ದಾರೆ. ಘಟ್ಟದ ಮೇಲಿನಿಂದ ಬಂದು ಹಾಸ್ಟೆಲಿನಲ್ಲಿರುವ, ಮನೆಯಲ್ಲಿ ಕನ್ನಡವೇ ಮಾತಾಡುವ ಗೆಳತಿಯೊಬ್ಬಳು ಉರ್ದು ಬಾರದ್ದಕ್ಕೆ ಮೊದಲ ತಿಂಗಳು ಸುಮ್ಮನೇ ಕೂರುತ್ತಿದ್ದಳು. ಕನ್ನಡ ಭಾಷಾ ವಿಷಯ ತೆಗೆದುಕೊಂಡವರಿಗೆ "ಯಾಕೆ, ಅರೇಬಿಕ್ ತಗೊಳ್ಬಹುದಿತ್ತಲ್ಲ?" ಎಂಬ ಬುದ್ಧಿಮಾತು ಬೇರೆ. ಉರ್ದು ಮಾತಾಡುವವರಿಗೂ ನೆಮ್ಮದಿಯಿಲ್ಲ. ಮನೆಯಲ್ಲಿ "ನಕ್ಕೋ" ಎನ್ನುವ ದಖನಿಯವರನ್ನು "ಇದು ಉರ್ದುವೇ ಅಲ್ಲ" ಎಂದು ನಗುವವರಿದ್ದಾರೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬ್-ಎ-ನವರಸ್’ ಬರೆದದ್ದು ಇದೇ ದಖನಿಯಲ್ಲಿ ಎಂಬುದು ನಗುವವರಿಗೆ ಗೊತ್ತಿರಲಿಕ್ಕಿಲ್ಲ.

ಹೊರಗಿನವರು "ನೀನು ಮುಸ್ಲಿಂ, ಹಾಗಾದರೆ ಉರ್ದು" ಎನ್ನುತ್ತಾರೆ. ಒಳಗಿನವರು "ಉರ್ದು ಇಲ್ಲ, ಹಾಗಾದರೆ ನೀನೆಂಥ ಮುಸ್ಲಿಂ" ಎನ್ನುತ್ತಾರೆ. ಇಬ್ಬರೂ ಧರ್ಮಕ್ಕೆ ಒಂದು ಭಾಷೆಯನ್ನು ಗಂಟು ಹಾಕುತ್ತಾರೆ. ಆ ಗಂಟು ಎಲ್ಲಿಯೂ ನಿಂತಿಲ್ಲ. ನಮಾಜಿನ ಭಾಷೆ ಅರಬಿ, ಅದು ಎಲ್ಲರಿಗೂ ಒಂದೇ. ಆದರೆ ಕರಾವಳಿಯ ಅನೇಕ ಮದ್ರಸಗಳಲ್ಲಿ ನಮ್ಮ ಹಿರಿಯರು ದೀನಿನ ಪಾಠ ಓದಿದ್ದು ಅರಬಿ ಮಲಯಾಳದಲ್ಲಿ, ಅಂದರೆ ಮಲಯಾಳವನ್ನು ಅರಬಿ ಅಕ್ಷರದಲ್ಲಿ ಬರೆದ ಪುಸ್ತಕಗಳಲ್ಲಿ. ಅವರ ದೀನಿಗೆ ಏನೂ ಕೊರತೆಯಾಗಲಿಲ್ಲ. ಉರ್ದುವೂ ಮುಸ್ಲಿಮರ ಸ್ವಂತ ಆಸ್ತಿಯಲ್ಲ. ಪ್ರೇಮಚಂದ್ ಮೊದಲು ಬರೆದದ್ದು ಉರ್ದುವಿನಲ್ಲಿ. ಉರ್ದುವಿಗೆ ಮೊದಲ ಜ್ಞಾನಪೀಠ ತಂದ ಫಿರಾಕ್ ಗೋರಖಪುರಿಯವರ ನಿಜ ಹೆಸರು ರಘುಪತಿ ಸಹಾಯ್.

ಇತಿಹಾಸ ವಿಭಾಗದ ಗೆಳೆಯರಿಗೆ ಇನ್ನೊಂದು ಉದಾಹರಣೆ ಗೊತ್ತಿರುತ್ತದೆ. ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಉರ್ದು ಒಂದೇ ರಾಷ್ಟ್ರಭಾಷೆ ಎಂದಾಗ ಪೂರ್ವ ಬಂಗಾಳದ ಜನ ಒಪ್ಪಲಿಲ್ಲ. ಅವರಲ್ಲಿ ಹೆಚ್ಚಿನವರು ಮುಸ್ಲಿಮರೇ, ಅವರ ತಾಯಿಭಾಷೆ ಬಂಗಾಳಿ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿಗಾಗಿ ಬೀದಿಗಿಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ವಿದ್ಯಾರ್ಥಿಗಳು ಸತ್ತರು. ಆ ದಿನವನ್ನೇ ಯುನೆಸ್ಕೋ 1999ರಲ್ಲಿ ಅಂತರರಾಷ್ಟ್ರೀಯ ಮಾತೃಭಾಷಾ ದಿನವೆಂದು ಘೋಷಿಸಿತು. ನಮ್ಮ ವಯಸ್ಸಿಗಿಂತ ತುಸು ದೊಡ್ಡವರು ಪ್ರಾಣ ಕೊಟ್ಟು ಹೇಳಿದ ಮಾತನ್ನು ನಾವು ಕ್ಯಾಂಟೀನಿನ ಜಗಲಿಯಲ್ಲಿ ಕೂತು ಮರೆಯುವುದು ಸರಿಯಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಲೇಖನ ಬೇಕಿತ್ತಾ ಎಂದು ಕೆಲವರಿಗೆ ಅನಿಸಬಹುದು. ಕಿರಿಕಿರಿ ಕಾಗದದ ಮೇಲೆ ಇಳಿದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ. ನಾನು ಹಿಂದೆ ಓದಿದ ಶಾಲೆಯಲ್ಲಿ ದಾಖಲಾತಿ ಮಾಡುವಾಗ ‘ಮಾತೃಭಾಷೆ’ ಎಂಬ ಕಾಲಂನಲ್ಲಿ ಉರ್ದು ಎಂದು ಬರೆದಿದ್ದರು. ಯಾರೂ ಕೇಳಿರಲಿಲ್ಲ, ಹೆಸರು ನೋಡಿ ಬರೆದದ್ದು. ಅಬ್ಬ ಹೋಗಿ ಬ್ಯಾರಿ ಎಂದು ತಿದ್ದಲು ಹೇಳಿದರೆ "ಅದರಲ್ಲಿ ಏನು ವ್ಯತ್ಯಾಸ ಆಗ್ತದೆ?" ಎಂಬ ಉತ್ತರ ಬಂತು. ವ್ಯತ್ಯಾಸ ಆಗುತ್ತದೆ. ಹೀಗೆ ಒಂದೊಂದೇ ಹೆಸರಿನ ಮುಂದೆ ಬೇರೆ ಭಾಷೆ ಬಿದ್ದರೆ ಲೆಕ್ಕದಲ್ಲಿ ಬ್ಯಾರಿಯವರು ಕಮ್ಮಿ, ನವಾಯತಿಯವರು ಕಮ್ಮಿ, ಕನ್ನಡದವರೂ ಕಮ್ಮಿ. ಭಾಷೆಗೆ ಸಿಗಬೇಕಾದ ಪುಸ್ತಕ, ಅನುದಾನ, ಅಧ್ಯಯನ ಎಲ್ಲಕ್ಕೂ "ಮಾತಾಡುವವರು ಎಷ್ಟು ಜನ?" ಎಂಬುದು ಮೊದಲ ಪ್ರಶ್ನೆ. ಜನಗಣತಿಯವರು ಮನೆಗೆ ಬಂದಾಗಲೂ ಇದೇ ಕಾಲಂ ಇರುತ್ತದೆ. ಅವರು ಹೆಸರು ಕೇಳಿ ತಾವೇ ಬರೆದುಕೊಂಡು ಹೋದರೆ, ಮತ್ತೆ ಬಸ್ಸಿನಲ್ಲಿ ಕೂತು ಗೊಣಗಿ ಪ್ರಯೋಜನವಿಲ್ಲ.

ಆದ್ದರಿಂದ ಮೂರು ಕೋರಿಕೆಗಳು. ಮೊದಲನೆಯದು ಕಚೇರಿಯವರಿಗೆ, ಉಪನ್ಯಾಸಕರಿಗೆ: ಅರ್ಜಿಯಲ್ಲಿ ಮಾತೃಭಾಷೆ ಬರೆಯುವ ಮೊದಲು ದಯವಿಟ್ಟು ಮಕ್ಕಳನ್ನೇ ಕೇಳಿ. ಅರ್ಧ ನಿಮಿಷ ಸಾಕು. ಎರಡನೆಯದು ನಮ್ಮ ಗೆಳೆಯ ಗೆಳತಿಯರಿಗೆ: "ಮನೆಯಲ್ಲಿ ಉರ್ದು ಅಲ್ವಾ?" ಎನ್ನುವ ಬದಲು "ಮನೆಯಲ್ಲಿ ಯಾವ ಭಾಷೆ?" ಎಂದು ಕೇಳಿ. ಮೊದಲನೆಯದಕ್ಕೆ ಹೌದು, ಅಲ್ಲ ಎಂದು ಮುಗಿಸುತ್ತೇವೆ, ಎರಡನೆಯದಕ್ಕೆ ಅರ್ಧ ಗಂಟೆ ಮಾತಾಡುತ್ತೇವೆ. ಮೂರನೆಯದು ನಮ್ಮ ಮನೆಯವರಿಗೆ: ಗಣತಿಯವರು ಬಂದಾಗ ಬಾಗಿಲಲ್ಲಿ ನಿಂತು, ಆ ಕಾಲಂನಲ್ಲಿ ಏನು ಬರೆದರೆಂದು ನೋಡಿ, ನಂತರ ಕಳುಹಿಸಿ.

ಸಾಹಿತ್ಯ ಸಂಘದವರಿಗೂ ಒಂದು ಮಾತು. ಬರುವ ಫೆಬ್ರವರಿ 21ಕ್ಕೆ ಸಭಾಂಗಣದ ಗೋಡೆಗೆ ದೊಡ್ಡದೊಂದು ಚಾರ್ಟ್ ಅಂಟಿಸೋಣ. ಪ್ರತಿಯೊಬ್ಬರೂ ತಮ್ಮ ಹೆಸರು, ಅದರ ಎದುರು ಮನೆಮಾತು ಬರೆಯಲಿ, ಉಪನ್ಯಾಸಕರೂ ಬರೆಯಲಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ದಖನಿ, ಮಲಯಾಳ, ಇನ್ನೂ ಯಾವುದೆಲ್ಲ ಬರುತ್ತದೋ ನೋಡೋಣ. ನಮ್ಮದು ಮುಸ್ಲಿಂ ಆಡಳಿತದ ಕಾಲೇಜು ಎಂದ ಕೂಡಲೇ "ಅಲ್ಲಿ ಎಲ್ಲ ಉರ್ದುವಿನಲ್ಲೇ ಪಾಠವಾ?" ಎಂದು ಕೇಳುವವರಿಗೆ ಆ ಚಾರ್ಟಿನ ಫೋಟೋ ಒಂದನ್ನು ಕಳುಹಿಸಿದರೆ ಸಾಕು.