ಬಡವರ ಕೊಡಕ್ಕೇ ದುಬಾರಿ ನೀರು

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರು ಬಾಯಾರಿದಾಗ ಜಿಲ್ಲಾಡಳಿತ ಖಾಸಗಿ ಟ್ಯಾಂಕರಿಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಸಾವಿರ ಲೀಟರಿಗೆ ನೂರು. ಅದೇ ತಿಂಗಳು ಕಾವೇರಿ ನಲ್ಲಿಯಿದ್ದ ಮನೆ ಮೊದಲ 8,000 ಲೀಟರಿಗೆ ಕೊಟ್ಟದ್ದು ಸಾವಿರಕ್ಕೆ 7 ರೂಪಾಯಿ. ಕುಡಿಯಲೆಂದು ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನು ಹೊತ್ತವಳು ಕೊಟ್ಟದ್ದು ಸಾವಿರಕ್ಕೆ 250ರ ಲೆಕ್ಕ.

ಬಡವರಿಗೆ ಸಿಗುವುದನ್ನೆಲ್ಲ ‘ಬಿಟ್ಟಿ ಭಾಗ್ಯ’ ಎಂದು ಮೂದಲಿಸುವವರೇ, ಈ ಲೆಕ್ಕ ನೋಡಿ. ಆ ಏಳು ರೂಪಾಯಿಗೆ ತೊರೆಕಾಡನಹಳ್ಳಿಯಿಂದ ನಗರಕ್ಕೆ ಕಾವೇರಿ ನೀರೆತ್ತುವ ಪಂಪಿನ ಕರೆಂಟು ಖರ್ಚೂ ಹುಟ್ಟುತ್ತಿರಲಿಲ್ಲ. ಬಿಟ್ಟಿ ತಿನ್ನುತ್ತಿರುವುದು ಪೈಪು ಇರುವ ಮನೆ. ದುಬಾರಿ ತೆರುತ್ತಿರುವುದು ಯಾದಗಿರಿ, ರಾಯಚೂರಿನಿಂದ ಗುಳೆ ಬಂದು ಮಹದೇವಪುರದ ತಗಡಿನ ಶೆಡ್ಡುಗಳಲ್ಲಿ ಬದುಕುವ ಗಾರೆ ಕೆಲಸದ ಹೆಣ್ಣುಮಗಳು. ದೊಡ್ಡ ಅಪಾರ್ಟ್‌ಮೆಂಟಿನವರೂ ಟ್ಯಾಂಕರ್ ಕೊಂಡರು, ನಿಜ. ಅವರ ಸಂಬಳ ಅದನ್ನು ತಡೆದುಕೊಳ್ಳುತ್ತದೆ, ಇವಳ ಕೂಲಿ ತಡೆಯುವುದಿಲ್ಲ. ಟ್ಯಾಂಕರ್ ಕಾಯುತ್ತ ನಿಂತ ಹೊತ್ತಿಗೆ ಮೇಸ್ತ್ರಿ ಕೂಲಿ ಮುರಿದುಕೊಳ್ಳುತ್ತಾನೆ. ಆ ನಷ್ಟ ಯಾವ ದರಪಟ್ಟಿಯಲ್ಲೂ ಇಲ್ಲ. ನಗರದ ಗಾಜಿನ ಕಟ್ಟಡಗಳಿಗೆಲ್ಲ ಸಿಮೆಂಟು ಕಲಸಿದವಳು ಅವಳೇ!

2025ರಲ್ಲಿ ಬಸ್ ದರ ಶೇ. 15 ಏರಿತು. ಮೆಟ್ರೊ ಏರಿತು, ಹಾಲು ಏರಿತು, ಕರೆಂಟು ಏರಿತು. ಮಾಲೀಕ ಬಾಡಿಗೆಯನ್ನೂ ಏರಿಸಿದ. ಬಸ್ಸು ಬಿಟ್ಟು ನಡೆಯಬಹುದು, ಹಾಲಿಲ್ಲದೆ ಚಹಾ ಕಾಸಬಹುದು. ನೀರು ಬಿಟ್ಟು ಏನು ಕುಡಿಯಬೇಕು?

110 ಹಳ್ಳಿಗಳನ್ನು ನಗರ 2007ರಲ್ಲಿ ನುಂಗಿತು. ಅವಕ್ಕಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೀರಿದ ಖರ್ಚು. ಪೈಪು ಬೀದಿಗೆ ಬಂದರೂ ಮನೆಯೊಳಗೆ ಬರಲು ಶುಲ್ಕ ಬೇಕು, ಮನೆಯ ದಾಖಲೆ ಬೇಕು. ಬೇರೆಯವರ ಜಾಗದಲ್ಲಿ ತಗಡು ನಿಲ್ಲಿಸಿಕೊಂಡವರು ಯಾವ ದಾಖಲೆ ತಂದಾರು?

ನೀರಿಗೆ ಅಡ್ಡ ನಿಲ್ಲುವುದು ಹೊಸದಲ್ಲ. ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಯನ್ನು ಅಲ್ಲಿನ ಪುರಸಭೆ ದಲಿತರೂ ಸೇರಿ ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. ಅದನ್ನು ನಿಜ ಮಾಡಲು 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿಯಬೇಕಾಯಿತು. ಶುದ್ಧ ನೀರು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅದೂ ಇನ್ನೂ ಕಾಗದದಲ್ಲೇ ಇದೆ. ಅಂದು ಜಾತಿ ಕೇಳಿ ತಡೆದರು, ಇಂದು ದಾಖಲೆ ಕೇಳಿ ತಡೆಯುತ್ತಾರೆ. ತಡೆಸಿಕೊಂಡು ನಿಂತವರಲ್ಲಿ ಹಲವರು ಅದೇ ದಲಿತ ಕೇರಿಗಳ ಮಕ್ಕಳು.

ಜಲಮಂಡಳಿಯವರೇ, ದಾಖಲೆ ಕೇಳಬೇಡಿ. ಪ್ರತಿ ಶೆಡ್ಡು ಸಾಲಿಗೂ ಸಾರ್ವಜನಿಕ ನಲ್ಲಿ ಹಾಕಿ. ಅದು ಬರುವವರೆಗೆ ನಿಮ್ಮದೇ ಟ್ಯಾಂಕರಿನಲ್ಲಿ, ನಲ್ಲಿಯ ದರದಲ್ಲೇ ನೀರು ಕಳಿಸಿ.