ಶೋಕಿ ಎಂದು ಹೀಯಾಳಿಸುವವರಿಗೆ ನಮ್ಮ ಉತ್ತರ

ಹಾಸ್ಟೆಲಿನ ಗೆಳೆಯರೇ, ತಂಗಿಯರೇ,

ಹಬ್ಬಕ್ಕೆ ಊರಿಗೆ ಹೊರಡುತ್ತೇವೆ. ಸಿಂಧನೂರಿನಲ್ಲಿ ಗೊರೇಬಾಳದ ಬಸ್ಸು ಹತ್ತುವ ಮೊದಲು ನಮ್ಮಲ್ಲಿ ಕೆಲವರು ಒಂದು ಕೆಲಸ ಮಾಡುತ್ತೇವೆ. ಇಸ್ತ್ರಿ ಮಾಡಿದ ಅಂಗಿ ಬಿಚ್ಚಿ ಚೀಲದೊಳಗೆ ಮಡಚಿಡುತ್ತೇವೆ. ಕಾಲರು ಹರಿದ ಹಳೇ ಅಂಗಿ ತೊಡುತ್ತೇವೆ. ಹೀಗೆ ಮಾಡಿರೆಂದು ಯಾರೂ ಹೇಳಿಲ್ಲ. ಆದರೂ ಮಾಡುತ್ತೇವೆ. ಕಟ್ಟೆ ಮೇಲೆ ಕುಂತವರು ಯಾರಾದರೂ "ಏನಲೇ, ಭಾಳ ಶೋಕಿ ಆತಲ್ಲ ನಿಂದು? ನಿಮ್ಮಪ್ಪ ಇನ್ನಾ ನಮ್ಮ ಗದ್ದ್ಯಾಗ ಕೆಸರು ತುಳ್ಯಾಕತ್ತಾನ" ಎಂದು ಅಂದಾರೆಂಬ ಹೆದರಿಕೆ.

ಮುತ್ಯಾ ಕೆರ ಕೈಯಲ್ಲಿ ಹಿಡಿದು ಮೇಲಿನವರ ಓಣಿ ದಾಟಿದ. ಅಪ್ಪ ಹೆಗಲ ಮೇಲಿನ ಟವೆಲ್ಲು ಬಗಲಿಗೆ ಇಳಿಸಿದ. ನಾವು ಬಸ್ ಸ್ಟ್ಯಾಂಡಿನಲ್ಲಿ ಅಂಗಿ ಬದಲಿಸುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಈ ಸೀಮೆ ಭತ್ತದ ಸೀಮೆಯಾಯ್ತು. ಒಣಭೂಮಿ ಬದಲಾಯ್ತು. ನಮಗೆ ಹಾಕಿದ ಆಜ್ಞೆ ಮಾತ್ರ ಬದಲಾಗಲಿಲ್ಲ. ಅದನ್ನು ಈಗ ನಾವೇ ಚೀಲದಲ್ಲಿ ಹೊತ್ತು ತಿರುಗುತ್ತಿದ್ದೇವೆ!

ಈ ಆಜ್ಞೆಯ ಬೇರು ಎಲ್ಲಿದೆ? ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಾಂಡಾಲರಿಗೆ ಹೆಣದ ಬಟ್ಟೆಯೇ ಉಡುಪು, ಕಬ್ಬಿಣವೇ ಒಡವೆ ಎಂದು ಗೊತ್ತುಮಾಡಿತು. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ದಶಕಗಳ ಕಾಲ ಹೋರಾಡಿದ ಮೇಲೆ, 1859ರಲ್ಲಿ, ಎದೆ ಮುಚ್ಚಿಕೊಳ್ಳಲು ಅರಸನ ಅಪ್ಪಣೆ ಸಿಕ್ಕಿತು. ಆದರೆ ಮೇಲ್ಜಾತಿ ಹೆಂಗಸರು ಉಡುವ ಹಾಗೆ ಉಡಕೂಡದೆಂದು ಅದರಲ್ಲೇ ಕಟ್ಟು ಹಾಕಿದರು. ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಬಟ್ಟೆ ಕೊಟ್ಟರು, ಉಡುವ ರೀತಿ ಕೊಡಲಿಲ್ಲ. ಅವರಿಗೆ ಉರಿಯುವುದು ನಮ್ಮ ಮೈಮೇಲಿನ ಅರಿವೆ ಕಂಡು ಅಷ್ಟೇ ಅಲ್ಲ; ಅದನ್ನು ನಮಗೆ ಬೇಕಾದ ಹಾಗೆ ತೊಟ್ಟೆವಲ್ಲ, ಅದಕ್ಕೆ.

ಇದೆಲ್ಲ ಹಳೇ ಕಥೆ ಅನ್ನುವವರು ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಓದಲಿ. ಸಾರ್ವಜನಿಕ ಜಾಗದಲ್ಲಿ ನಾವು ಚಪ್ಪಲಿ ಮೆಟ್ಟುವುದಕ್ಕೆ, ಹೊಸ ಬಟ್ಟೆ ತೊಡುವುದಕ್ಕೆ ಅಡ್ಡಿ ಮಾಡುವುದು ಅಪರಾಧ ಎಂದು ಮೂರನೆಯ ಕಲಮಿನಲ್ಲಿ ಬರೆದಿದೆ. ಬಲವಂತದಿಂದ ಮೀಸೆ ತೆಗೆಸುವುದೂ ಅಪರಾಧ. ಸ್ವಾತಂತ್ರ್ಯ ಬಂದು 68 ವರ್ಷವಾದ ಮೇಲೆ ಒಂದು ದೇಶದ ಪಾರ್ಲಿಮೆಂಟು ಹೊಸ ಬಟ್ಟೆಗೆ ಕಾನೂನಿನ ಕಾವಲು ಹಾಕಬೇಕಾಯ್ತು. ಆ ಕಾನೂನು ಬಂದ ಮೇಲೂ, 2023ರಲ್ಲಿ, ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ಒಳ್ಳೆ ಬಟ್ಟೆ ಹಾಕಿ ಕಪ್ಪು ಕನ್ನಡಕ ತೊಟ್ಟ ದಲಿತ ಯುವಕನನ್ನು ಹೊಡೆದರು.

ಇನ್ನು ನಮ್ಮವರ ಮಾತಿಗೆ ಬರೋಣ. ಸಭೆಗೆ ಒಳ್ಳೆ ಅಂಗಿ ಹಾಕಿ ಬಂದ ಹುಡುಗನಿಗೆ "ಚಳವಳಿಗೆ ಬಂದೀಯೋ, ಮದುವಿಗೆ ಬಂದೀಯೋ?" ಎಂದು ಕೇಳುವ ಹಿರಿಯರಿದ್ದಾರೆ. ಸರಳತೆಯ ಪಾಠ ಹೇಳುತ್ತಾರೆ. ಹಿರಿಯರಿಗೆ ನಮ್ಮ ಗೌರವ ಇದ್ದೇ ಇದೆ. ಆದರೆ ಈ ಪಾಠ ಒಪ್ಪುವುದಿಲ್ಲ. 1921ರಲ್ಲಿ ಗಾಂಧಿ ಮದುರೆಯಲ್ಲಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು. ದೇಶ ಕೈ ಮುಗಿಯಿತು. ಲಂಡನ್ನಿನಲ್ಲಿ ಸೂಟು ತೊಟ್ಟು ನೋಡಿದವರು ಅವರು. ಇದ್ದವರು ಬಿಟ್ಟರೆ ತ್ಯಾಗ. ನಮ್ಮ ಮುತ್ಯಾ ಹುಟ್ಟಿದಾಗಿನಿಂದ ತುಂಡು ಬಟ್ಟೆಯಲ್ಲೇ ಇದ್ದ. ಅವನಿಗೆ ಯಾರು ಕೈ ಮುಗಿದರು?

ಬಾಬಾಸಾಹೇಬರಿಗೆ ಈ ಲೆಕ್ಕ ಗೊತ್ತಿತ್ತು. 1927ರ ಡಿಸೆಂಬರಿನಲ್ಲಿ, ಮನುಸ್ಮೃತಿಯನ್ನು ಸುಟ್ಟ ಅದೇ ಮಹಾಡಿನಲ್ಲಿ, ಅವರು ಹೆಣ್ಣುಮಕ್ಕಳಿಗೆ ಹೇಳಿದ ಮಾತು ಸೀರೆಯದು: ಅಸ್ಪೃಶ್ಯರೆಂದು ಗುರುತು ಹೇಳುವ ಹಾಗೆ ಉಡಬೇಡಿ, ಆ ಭಾರದ ಒಡವೆ ತೆಗೆಯಿರಿ. ಪುಸ್ತಕ ಸುಡುವುದೂ ಸೀರೆ ಉಡುವುದೂ ಅವರಿಗೆ ಒಂದೇ ಹೋರಾಟದ ಎರಡು ಕೆಲಸ. ಅವರ ಸೂಟು ಎಲ್ಲರಿಗೂ ಗೊತ್ತು. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸುವಾಗ ಉಟ್ಟದ್ದು ಬಿಳಿ ರೇಷ್ಮೆ ಧೋತರ, ಬಿಳಿ ಕೋಟು. ಯಾವ ದಿನ ಯಾವ ಉಡುಪು ಎಂದು ಗೊತ್ತುಮಾಡಿದವರು ಅವರೇ.

ಹಾಗಾದರೆ ಸಾಲ ಮಾಡಿ ಸಿನಿಮಾ ಹೀರೋನ ಪ್ಯಾಂಟು ಹೊಲಿಸಿರಿ ಎಂದೆವೇ? ಇಲ್ಲ. ಕಟ್ಟೆಯವರು "ಇಷ್ಟೇ ತೊಡು" ಅನ್ನುತ್ತಾರೆ. ಅಂಗಡಿಯವರು "ಇದನ್ನೇ ತೊಡು" ಅನ್ನುತ್ತಾರೆ. ಮೊದಲನೆಯವರ ಮಾತು ಮೀರಿ ಎರಡನೆಯವರ ಕಾಲಿಗೆ ಬಿದ್ದರೆ ಏನು ಬಂತು? ಅಪ್ಪನ ಕೂಲಿ ದುಡ್ಡಿನಲ್ಲಿ ಕಂಪನಿಯ ಹೆಸರನ್ನು ಎದೆ ಮೇಲೆ ಹೊತ್ತು ತಿರುಗುವುದು ಸ್ವಾಭಿಮಾನವಲ್ಲ, ಬಿಟ್ಟಿ ಚಾಕರಿ.

ನಮ್ಮ ರೀತಿಯನ್ನು ನಾವೇ ಮಾಡಿಕೊಳ್ಳಬೇಕು. ಹೇಗೆ? ನಮ್ಮ ಅವ್ವಂದಿರನ್ನು ನೋಡಿ. ಹರಿದ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಕೆಂಪಿನ ಪಕ್ಕ ಯಾವ ಬಣ್ಣ ಇಡಬೇಕೆಂದು ಯಾವ ಕಾಲೇಜೂ ಅವರಿಗೆ ಕಲಿಸಿಲ್ಲ. ಇಟ್ಟು ನೋಡಿದರು, ಸರಿ ಕಾಣಲಿಲ್ಲ, ಬಿಚ್ಚಿದರು, ಮತ್ತೆ ಇಟ್ಟರು. ಅದೇ ಅಭ್ಯಾಸ ನಮಗೂ ಬೇಕು. ಖೋಲಿಯಲ್ಲಿ ಆರು ಜನ ಇದ್ದರೆ ಆರು ಅಂಗಿ ಇವೆ. ಒಬ್ಬರದೊಬ್ಬರು ತೊಟ್ಟು ನೋಡಿ. ನಮ್ಮ ಕಪ್ಪು ಮೈಗೆ ತಿಳಿ ಬಣ್ಣ ಒಪ್ಪದೆಂದು ಯಾರೋ ಹೇಳಿದ್ದನ್ನು ನಂಬಬೇಡಿ. ಬಿಳಿ ತೊಡಿ, ಹಳದಿ ತೊಡಿ, ಕನ್ನಡಿ ನೋಡಿ ನೀವೇ ಹೇಳಿ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಪಾಲಿಯೆಸ್ಟರ್ ಅಂಗಿ ಬೆನ್ನು ಸುಡುತ್ತದೆ, ಹತ್ತಿ ಬೆವರು ಹೀರುತ್ತದೆ. ಒಂದು ಸಲ ತಪ್ಪಿದರೆ ಮುಂದಿನ ಸಲ ಕೈ ತಾನೇ ಹತ್ತಿಯ ಕಡೆ ಹೋಗುತ್ತದೆ. ಸೂಜಿ ದಾರ ಹಿಡಿಯಲು ಕಲಿಯಿರಿ. ಗುಂಡಿ ಹಾಕಿ, ಅಣ್ಣನ ಪ್ಯಾಂಟಿನ ಅಂಚು ನೀವೇ ಮಡಚಿ ಹೊಲಿಯಿರಿ. ಟೇಲರನ ಮುಂದೆ ತಲೆ ತಗ್ಗಿಸಿ ನಿಲ್ಲಬೇಡಿ. ತೋಳು ಎಷ್ಟು ಬೇಕು, ಭುಜದ ಹೊಲಿಗೆ ಎಲ್ಲಿ ಕೂಡಬೇಕು ಎಂದು ಬಾಯಿಬಿಟ್ಟು ಹೇಳಿ. ಇಸ್ತ್ರಿಪೆಟ್ಟಿಗೆ ಇಲ್ಲದಿದ್ದರೆ ಚೊಂಬಿನಲ್ಲಿ ಕೆಂಡ ಹಾಕಿದರೂ ಅಂಗಿಯ ಗೆರೆ ನಿಲ್ಲುತ್ತದೆ.

ಹುಡುಗರಿಗೆ ಇನ್ನೊಂದು ಮಾತು. ನಮ್ಮ ಅಂಗಿಗೆ ಸ್ವಾತಂತ್ರ್ಯ ಕೇಳುವ ನಾವು ಮನೆಗೆ ಹೋಗಿ ತಂಗಿಯ ದುಪಟ್ಟಾ ಸರಿಯಾಗಿದೆಯೋ ಎಂದು ಕಾವಲು ಕಾಯುತ್ತೇವೆ. ಇದು ಯಾವ ನ್ಯಾಯ? ಆಕೆ ಅವ್ವನ ಹಳೇ ಇಳಕಲ್ ಸೀರೆಯ ಸೆರಗಿನಿಂದ ಕುರ್ತಾ ಹೊಲಿಸಲಿ, ಗುಳೇದಗುಡ್ಡದ ಖಣದ ಕುಬಸ ತೊಡಲಿ, ಪ್ಯಾಂಟು ಹಾಕಲಿ. ಆಕೆಯೂ ಇಟ್ಟು ನೋಡಿ, ಬಿಚ್ಚಿ ನೋಡಿ ಕಲಿಯಲಿ. ಆಕೆಯ ಉಡುಪಿಗೆ ನಾವು ಕಟ್ಟು ಹಾಕಿದರೆ ತಿರುವಾಂಕೂರಿನ ಅರಸನಿಗೂ ನಮಗೂ ಏನು ವ್ಯತ್ಯಾಸ?

ಅಂಗಿ ತೊಟ್ಟ ಮಾತ್ರಕ್ಕೆ ಭೂಮಿ ಸಿಗುವುದಿಲ್ಲ, ಕೂಲಿ ಏರುವುದಿಲ್ಲ. ಗೊತ್ತಿದೆ. ಆದರೆ ಅಂಗಿ ಬಿಚ್ಚಿ ಊರು ಹೊಗುವವನು ಕೂಲಿ ಏರಿಸೆಂದು ಯಾವ ಬಾಯಿಂದ ಕೇಳುತ್ತಾನೆ? ಅಪಾಯವೂ ಇದೆ, ಮರೆಮಾಚುವುದಿಲ್ಲ. ಅದಕ್ಕೇ ಒಬ್ಬೊಬ್ಬರೇ ಹೋಗುವುದು ಬೇಡ. ಮುಂದಿನ ಹಬ್ಬಕ್ಕೆ ನಾಲ್ಕು ಜನ ಕೂಡಿ ಬಸ್ಸಿನಿಂದ ಇಳಿಯೋಣ. ಕಾಯ್ದೆಯ ಮೂರನೆಯ ಕಲಮು ಜೇಬಿನಲ್ಲಿರಲಿ. ಹಳೇ ಅಂಗಿ ಹಾಸ್ಟೆಲಿನಲ್ಲೇ ಇರಲಿ. ಅವ್ವನ ಮುಂದಿನ ಕೌದಿಗೆ ಬಂದೀತು.

ಜೈ ಭೀಮ್.