ಕಂಟ್ರೋಲ್ ಎಫ್ ಒತ್ತಿದರೂ ಹೆಸರು ಸಿಗಲಿಲ್ಲವೇ? ಪಟ್ಟಿಯಿಂದ ಅಳಿಸಿದ್ದಾರೆ ಎಂದುಕೊಳ್ಳಬೇಡಿ

ಯಲಹಂಕವೋ ಹೆಬ್ಬಾಳವೋ, ನಿಮ್ಮ ಕ್ಷೇತ್ರದ ಮತದಾರರ ಪಟ್ಟಿಯ ಪಿಡಿಎಫ್ ತೆರೆದು, ಕಂಟ್ರೋಲ್ ಎಫ್ ಒತ್ತಿ ಹೆಸರು ಟೈಪ್ ಮಾಡುತ್ತೀರಿ. ಏನೂ ಸಿಗುವುದಿಲ್ಲ. ಹೆಸರೇ ಹೋಯಿತು ಎಂದು ಹಲವರು ಗಾಬರಿಯಾಗುತ್ತಾರೆ.

ಈ ಶಾರ್ಟ್‌ಕಟ್ ಹುಡುಕುವುದು ಅಕ್ಷರಗಳನ್ನು. ಪಟ್ಟಿಯ ಪುಟಗಳೋ ಸಾಮಾನ್ಯವಾಗಿ ಬರೀ ಚಿತ್ರಗಳು. ಬ್ರೌಸರ್‌ಗೆ ಅವು ಫೋಟೋ ಇದ್ದಂತೆ. ಮತದಾರರ ಖಾಸಗಿತನಕ್ಕಾಗಿ ಹೀಗೆ ಎನ್ನುತ್ತದೆ ಚುನಾವಣಾ ಆಯೋಗ. ಹುಡುಕಲು ಬರುವ ರೂಪದಲ್ಲೇ ಪಟ್ಟಿ ಕೊಡಿ ಎಂಬ ಬೇಡಿಕೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. (ಹಳೆಯ ನುಡಿ ಫಾಂಟಿನ ಕಡತಗಳ ತೊಡಕು ಬೇರೆ: ನೋಡಲು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ.)

ಹಾಗಾಗಿ ಪಿಡಿಎಫ್ ನಂಬಿ ಕೂರದೆ, ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ ಎಪಿಕ್ ಸಂಖ್ಯೆ ಹಾಕಿ ನೋಡಿ ಎನ್ನುತ್ತೇವೆ ನಾವು. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಅಲ್ಲೇ ಸಿಗುತ್ತವೆ. ಅಲ್ಲೂ ಹೆಸರಿಲ್ಲದಿದ್ದರೆ ತಡಮಾಡದೆ ನಿಮ್ಮ ಮತಗಟ್ಟೆಯ ಬಿಎಲ್‌ಒ ಅವರನ್ನು ಕೇಳಿ.